ಕವನಾ ಓದಿ ಹೇಳಿದ ಪತ್ರ

ಮೂರು ತಿಂಗಳಿಂದ ಕವನಾ ಕಾಗದಗಳ ಹಿಂದೆ ಬಿದ್ದಿದ್ದಳು. ಒಂದು ಕಾಗದವೂ ಅವಳನ್ನು ಗೆದ್ದಿರಲಿಲ್ಲ.

ಹಾಸನದ ಖಾಸಗಿ ಆಸ್ಪತ್ರೆಯೊಂದರಲ್ಲಿ ಏಳು ವರ್ಷ ಸ್ಟಾಫ್ ನರ್ಸ್ ಆಗಿದ್ದವಳಿಗೆ ಮಾಲ್ಡೀವ್ಸ್‌ನ ಒಂದು ದ್ವೀಪದ ಆಸ್ಪತ್ರೆಯಲ್ಲಿ ಮೂರು ವರ್ಷದ ಕೆಲಸ ಸಿಕ್ಕಿತ್ತು. ಹೊಳೆನರಸೀಪುರದಲ್ಲಿ ಓದಿದ ನರ್ಸಿಂಗಿನ ಅಂಕಪಟ್ಟಿಗಳು ಬೆಂಗಳೂರು, ದಿಲ್ಲಿ ಸುತ್ತಿ, ಬೆನ್ನ ತುಂಬ ಮೊಹರು ಹೊತ್ತು ವಾಪಸಾಗಿದ್ದವು. ಪೊಲೀಸ್ ಕ್ಲಿಯರೆನ್ಸಿಗೆಂದು ಠಾಣೆಗೆ ಹೋದಾಗ, ‘ಅಷ್ಟ್ ದೂರ ಒಬ್ಳೇ ಯಾಕಮ್ಮ ಓಗ್ತೀಯ’ ಎಂದು ಕೇಳಿದ ಪೇದೆಗೆ, ‘ಫಾರಮ್ಮಲ್ಲಿ ಆ ಕಾಲಂ ಇಲ್ವಲ್ಲ ಸಾ’ ಎಂದು ಹೇಳಿ ರಸೀದಿ ತೆಗೆದುಕೊಂಡು ಬಂದಿದ್ದಳು. ಅರಕಲಗೂಡಿನ ಗೆಳತಿ ಸ್ನೇಹಲತಾ ಎರಡು ವರ್ಷದಿಂದ ಅಲ್ಲೇ ಇದ್ದಳು. ಅವಳು ಫೋನಿನಲ್ಲಿ ಹೇಳಿದ್ದಿಷ್ಟು: ‘ಸಂಬಳ ಡಾಲರ್‌ನಲ್ಲಿ ಎಷ್ಟು, ಅಲ್ಲಿನ ರುಫಿಯಾದಲ್ಲಿ ಎಷ್ಟು ಅಂತ ಕರಾರಿನಲ್ಲೇ ಬರ್ಸ್ಕೊ ಕಣೆ. ರುಫಿಯಾ ಕಟ್ಕೊಂಡು ಊರಿಗೆ ಬಂದ್ರೆ ದುದ್ದದ ಬ್ಯಾಂಕಲ್ಲಿ ಯಾರೂ ಮೂಸಿ ನೋಡಲ್ಲ.’ ಕವನಾ ಆ ಕರಾರನ್ನು ಎರಡು ಸಲ ಹಿಂದಕ್ಕೆ ಕಳಿಸಿ, ಡಾಲರಿನ ಅಂಕಿ ಬರೆದು ಬಂದ ಮೇಲೆಯೇ ಸಹಿ ಹಾಕಿದ್ದಳು. ಬ್ಯಾಂಕಿನಲ್ಲಿ ಅನಿವಾಸಿ ಖಾತೆಗೆ ಅರ್ಜಿ ಕೊಟ್ಟಾಗಿತ್ತು. ವಿಮೆಗೂ ಭವಿಷ್ಯನಿಧಿಗೂ ನಾಮಿನಿಯಾಗಿ ಅವ್ವನ ಹೆಸರು ಸೇರಿತ್ತು. ಭಾನುವಾರ ಬೆಂಗಳೂರಿನಿಂದ ವಿಮಾನ.

ಮೊಹರು, ಕೊರಿಯರು, ವೈದ್ಯಕೀಯ ಪರೀಕ್ಷೆ, ಟಿಕೆಟ್ಟು, ಮೊದಲ ಸಂಬಳ ಬರುವತನಕದ ಖರ್ಚು ಎಲ್ಲ ಸೇರಿ ಒಂದು ಲಕ್ಷದ ಅರವತ್ತು ಸಾವಿರ ಬೇಕಾಗಿತ್ತು. ಅದಷ್ಟನ್ನೂ ಕೊಟ್ಟವನು ಅಣ್ಣ ಮೋಹನ್‌ಕುಮಾರ್. ಕೇಳುವ ಮುಂಚೆಯೇ ಕೊಟ್ಟಿದ್ದ. ‘ವಾಪಸ್ ಕೊಡೋ ಮಾತಾಡ್ಬೇಡ ಕಣಮ್ಮಿ. ತಂಗಿಗಲ್ದೆ ಇನ್ಯಾರ್ಗೆ ಮಾಡ್ಲಿ’ ಎಂದಿದ್ದ. ದುದ್ದದಿಂದ ಹಾಸನಕ್ಕೆ ತನ್ನ ಬೈಕಿನಲ್ಲೇ ಎಷ್ಟೋ ಸಲ ಕರೆತಂದು ಕಚೇರಿಯ ಬಾಗಿಲಲ್ಲಿ ಬಿಟ್ಟಿದ್ದ. ಅಂಥ ಅಣ್ಣ ಇದ್ದಾನೆಂದು ವಾರ್ಡಿನಲ್ಲಿ ಅವಳು ಹೇಳಿಕೊಂಡದ್ದೂ ಉಂಟು.

ಇನ್ನು ಉಳಿದದ್ದು ಒಂದೇ ಕಾಗದ, ಅದು ಊರಿನದು. ಅಪ್ಪ ಚನ್ನಪ್ಪ ತೀರಿಕೊಂಡು ಆರು ವರ್ಷವಾಗಿತ್ತು. ಎರಡು ಎಕರೆ ಇಪ್ಪತ್ತು ಗುಂಟೆ ತೆಂಗಿನ ತೋಟದ ಖಾತೆ ಅವ್ವ ಕಾಮಾಕ್ಷಮ್ಮ, ಮೋಹನ್‌ಕುಮಾರ್, ಕವನಾ ಈ ಮೂವರ ಹೆಸರಿನಲ್ಲಿ ಜಂಟಿಯಾಗಿತ್ತು.

‘ನೀನು ಸಮುದ್ರದ್ ನಡ್ವೆ ಕುಂತಿರ್ತೀಯ’ ಎಂದಿದ್ದ ಮೋಹನ್‌ಕುಮಾರ್. ‘ಹನಿ ನೀರಾವರಿ ಸಬ್ಸಿಡಿ ಬಂದದೆ. ಅರ್ಜಿಗೆ ಖಾತೇಲಿರೋರೆಲ್ಲ ಸಹಿ ಆಕ್ಬೇಕಂತೆ, ಈ ತಿಂಗ್ಳೇ ಕಡೆ. ಪ್ರತಿ ಸಹಿಗೂ ನೀನು ದೋಣಿ ಹತ್ತಿ ಅದ್ಯಾವ್ದೋ ಮಾಲೆ ಅನ್ನೋ ರಾಜಧಾನಿಗೆ ಓಗಿ, ಅಲ್ಲಿ ನಮ್ ದೇಶದ್ ಆಫೀಸಲ್ಲಿ ಮೊಹರು ಒತ್ತುಸ್ಕಂಡು ಕಳ್ಸಾಕಾದದಾ? ಒಂದು ಜಿಪಿಎ ಮಾಡ್ಕೊಟ್ಬುಡು, ಎಲ್ಲಾ ನಾನ್ ನೋಡ್ಕತೀನಿ.’

ನ್ಯಾಯವಾದ ಮಾತೇ. ಹೊರದೇಶಕ್ಕೆ ಹೋಗುವವರು ಊರಿನ ವ್ಯವಹಾರಕ್ಕೆ ಯಾರಿಗಾದರೂ ಇಂಥ ಜಿಪಿಎ, ಅಂದರೆ ತಮ್ಮ ಪರವಾಗಿ ಸಹಿ ಹಾಕುವ ಅಧಿಕಾರ ಪತ್ರ, ಕೊಟ್ಟು ಹೋಗುವುದು ಇದ್ದದ್ದೇ. ಕವನಾ ಒಪ್ಪಿದಳು. ಬುಧವಾರಕ್ಕೆ ಹಾಸನದ ಉಪನೋಂದಣಿ ಕಚೇರಿಯಲ್ಲಿ ಸಮಯ ಗೊತ್ತಾಯಿತು.

ಕಚೇರಿಯ ಹೊರಗೆ, ಕಾಂಪೌಂಡಿನ ಪಕ್ಕ ತಗಡಿನ ನೆರಳಲ್ಲಿ ಪತ್ರ ಬರಹಗಾರ ತಮ್ಮಯ್ಯನ ಮೇಜು. ಮೂವತ್ತು ವರ್ಷದಿಂದ ಅದೇ ಜಾಗ. ಮೊದಲು ಟೈಪ್‌ರೈಟರ್ ಇತ್ತು, ಈಗ ಲ್ಯಾಪ್‌ಟಾಪ್ ಬಂದಿದೆ. ಆ ಮೇಜಿನ ಮುಂದೆ ಹೊಸ ಸೀರೆ ಉಟ್ಟು ಬಂದು ನಿಂತ ಹೆಣ್ಣುಮಕ್ಕಳೆಷ್ಟೋ. ಅಣ್ಣ ತೋರಿಸಿದ ಕಡೆ ಹೆಬ್ಬೆಟ್ಟು ಒತ್ತಿ, ಹೋಟೆಲಿನಲ್ಲಿ ಮಸಾಲೆ ದೋಸೆ ತಿಂದು, ಎಲೆ ಅಡಿಕೆ ಅರಿಶಿನ ಕುಂಕುಮದ ಜೊತೆ ಒಂದಿಷ್ಟು ನೋಟು ಮಡಿಲಿಗೆ ಹಾಕಿಸಿಕೊಂಡು ಗಂಡನ ಊರಿನ ಬಸ್ಸು ಹತ್ತಿದವರು. ಎಕರೆಗಟ್ಟಲೆ ನೆಲ ಹೀಗೆ ಕೈಬಿಟ್ಟಿದೆ. ಇದನ್ನು ದರೋಡೆ ಎಂದು ಯಾರೂ ಕರೆಯುವುದಿಲ್ಲ. ದರೋಡೆಗಾದರೆ ಕತ್ತಲು ಬೇಕು, ಮುಸುಕು ಬೇಕು. ಇದಕ್ಕೆ ಸರ್ಕಾರಿ ಕಚೇರಿಯ ಕೆಲಸದ ವೇಳೆಯೇ ಸಾಕು.

ಕವನಾ ಅಂದು ಹೊಸ ಸೀರೆ ಉಟ್ಟಿರಲಿಲ್ಲ. ರಾತ್ರಿ ಪಾಳಿ ಮುಗಿಸಿ ನೇರ ಬಂದಿದ್ದಳು. ಅವ್ವ ಆಗಲೇ ಕಟ್ಟೆಯ ಮೇಲೆ ಕೂತಿದ್ದಳು, ಮೋಹನ್‌ಕುಮಾರ್ ಪಕ್ಕದಲ್ಲಿ ನಿಂತಿದ್ದ.

‘ಬಾ ತಾಯಿ’ ಎಂದ ತಮ್ಮಯ್ಯ, ಆರು ಹಾಳೆಯ ಪತ್ರವನ್ನು ತಿರುವಿ, ಪ್ರತಿ ಹಾಳೆಯ ಮೂಲೆಯಲ್ಲೂ ಪೆನ್ಸಿಲಿನಿಂದ ಗೀಟು ಹಾಕುತ್ತ. ‘ಇಲ್ಲಿ, ಇಲ್ಲಿ, ಕೊನೇಲಿ ಎರಡು ಕಡೆ. ಬೇಗ ಆಕ್ಬುಡು, ನಮ್ದು ಹನ್ನೊಂದ್ನೇ ಟೋಕನ್ನು. ಎಂಟ್ನೇದು ಒಳಕ್ಕೆ ಓಯ್ತು.’

‘ಓದ್ಬುಟ್ಟು ಆಕ್ತೀನಿ.’

‘ಎಲ್ಲಾ ಸರ್ಯಾಗೇ ಅದೆ ಕಣಮ್ಮ. ನಿಮ್ಮಣ್ಣ ಓದವ್ನೆ.’

‘ಸಹಿ ಅವ್ನುದಲ್ವಲ್ಲ.’

ಆಸ್ಪತ್ರೆಯಲ್ಲಿ ಅವಳ ಈ ಗುಣ ಎಲ್ಲರಿಗೂ ಗೊತ್ತಿತ್ತು. ಶಸ್ತ್ರಚಿಕಿತ್ಸೆಗೆ ಮುಂಚೆ ರೋಗಿಯಿಂದ ಒಪ್ಪಿಗೆ ಪತ್ರಕ್ಕೆ ಸಹಿ ತೆಗೆದುಕೊಳ್ಳಬೇಕಲ್ಲ, ಉಳಿದವರು ಬೆರಳಿಗೆ ಮಸಿ ಹಚ್ಚಿ ಒತ್ತಿಸಿ ಹೊರಟುಬಿಡುತ್ತಿದ್ದರು. ಕವನಾ ಮಾತ್ರ ಮಂಚದ ಪಕ್ಕ ನಿಂತು, ಪತ್ರವನ್ನು ಮೊದಲಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿ, ‘ಏನ್ ಗೊತ್ತಾಯ್ತು, ನೀವೇ ಒಂದ್ಸಲ ಏಳಿ’ ಎಂದು ಕೇಳುತ್ತಿದ್ದಳು. ಡಾಕ್ಟರು ಗಡಿಯಾರ ನೋಡಿಕೊಂಡು ಗೊಣಗುತ್ತಿದ್ದರು. ಅವಳು ಓದುವುದನ್ನು ಬಿಟ್ಟಿರಲಿಲ್ಲ.

ಈಗಲೂ ಅವ್ವನ ಕಡೆ ತಿರುಗಿ, ವಾರ್ಡಿನ ಅದೇ ಗಂಟಲಿನಲ್ಲಿ ಓದತೊಡಗಿದಳು. ಹೆಸರು, ತಂದೆಯ ಹೆಸರು, ವಾಸ, ಸರ್ವೆ ನಂಬರು, ನಾಲ್ಕೂ ದಿಕ್ಕಿನ ಚಕ್ಕುಬಂದಿ. ಸಾಲಿನಲ್ಲಿ ನಿಂತವರು ನೋಡಿದರು. ಎರಡನೆಯ ಹಾಳೆಗೆ ಬಂದಳು.

‘ನಾನು ಮದುವೆಯಾಗಿ, ಗಂಡನ ಮನೆಯಲ್ಲಿ ಮಕ್ಕಳೊಂದಿಗೆ ಸುಖವಾಗಿ ಬಾಳುತ್ತಿದ್ದು...’

ನಿಲ್ಲಿಸಿದಳು. ಹಿಂದೆ ಯಾರೋ ಕಿಸಕ್ಕೆಂದರು.

‘ತಮ್ಮಯ್ಯನೋರೆ, ಗಂಡ ಯಾರು? ಮದ್ವೇಗೆ ನನ್ನೂ ಒಂದ್ ಮಾತು ಕರೀಬಾರ್ದಾಗಿತ್ತಾ?’

ತಮ್ಮಯ್ಯ ಕನ್ನಡಕ ಏರಿಸಿ ಬಗ್ಗಿ ನೋಡಿದ. ‘ಅದು ಬುಡಮ್ಮ, ಹೆಣ್ಮಕ್ಳು ಪತ್ರ ಎಲ್ಲಾದ್ರಲ್ಲೂ ಅಂಗೇ ಇರ್ತದೆ. ಹೆಸ್ರು, ಸರ್ವೆ ನಂಬರ್ ಅಷ್ಟೇ ಬದ್ಲಾಯ್ಸೋದು.’

‘ಹೆಣ್ಮಕ್ಳು ಪತ್ರ ಅಂದ್ರೆ? ಇದು ಜಿಪಿಎ ಅಲ್ವಾ?’

ತಮ್ಮಯ್ಯ ಮೋಹನ್‌ಕುಮಾರನ ಮುಖ ನೋಡಿದ. ಮೋಹನ್‌ಕುಮಾರ್ ಬೈಕಿನ ಕೀಲಿಯನ್ನು ಬೆರಳಿಗೆ ಸುತ್ತುತ್ತ ಗೇಟಿನ ಕಡೆ ನೋಡಿದ.

ಕವನಾ ಓದು ಮುಂದುವರಿಸಿದಳು. ಗಂಟಲು ಒಂದಿಷ್ಟೂ ಏರಲಿಲ್ಲ, ಇಳಿಯಲೂ ಇಲ್ಲ. ‘...ಸದರಿ ಸ್ವತ್ತಿನಲ್ಲಿ ನನಗಿರುವ ಹಕ್ಕನ್ನು, ನನ್ನ ವಿದೇಶ ಪ್ರಯಾಣದ ಖರ್ಚಿಗಾಗಿ ಹಾಗೂ ಅರಿಶಿನ ಕುಂಕುಮದ ಬಾಬ್ತು ನನ್ನ ಅಣ್ಣನಿಂದ ಒಂದು ಲಕ್ಷದ ಅರವತ್ತು ಸಾವಿರ ರೂಪಾಯಿಗಳನ್ನು ಪಡೆದು, ಸ್ವಸಂತೋಷದಿಂದ ಶಾಶ್ವತವಾಗಿ ಅವನಿಗೇ ಬಿಟ್ಟು ಖುಲಾಸೆ ಮಾಡಿಕೊಟ್ಟಿರುತ್ತೇನೆ. ಇನ್ನು ಮುಂದೆ ನಾನಾಗಲಿ, ನನ್ನ ವಾರಸುದಾರರಾಗಲಿ...’

ಹಾಳೆ ತಿರುವಿದಳು. ಮುಂದಿನದು ಅವ್ವನ ಭಾಗ. ಕಾಮಾಕ್ಷಮ್ಮನೂ ತನ್ನ ಮೂರನೇ ಒಂದು ಪಾಲನ್ನು ಮಗನ ಮೇಲಿನ ಪ್ರೀತಿ ವಿಶ್ವಾಸದಿಂದ ಬಿಟ್ಟುಕೊಟ್ಟಿರುತ್ತಾಳೆ. ಅದನ್ನೂ ಕೊನೆಯವರೆಗೆ ಓದಿ, ಅಭ್ಯಾಸದಂತೆ ಕೇಳಿದಳು:

‘ಏನ್ ಗೊತ್ತಾಯ್ತವ್ವ?’

ಕಾಮಾಕ್ಷಮ್ಮ ಸೆರಗಿನ ತುದಿ ಹಿಡಿದುಕೊಂಡಳು. ‘ನನ್ ತವ್ರು ಕಟ್ಟಾಯದಾಗೆ ನಮ್ಮಣ್ಣದಿರು ನನ್ತಾವ ಹೆಬ್ಬೆಟ್ ಒತ್ತುಸ್ಕಂಡಾಗ ಹಿಂಗೆ ಯಾರೂ ಓದಿ ಏಳ್ನಿಲ್ಲ’ ಎಂದಳು. ‘ಒಂದು ಸೀರೆ, ಒಂದು ಹಿತ್ತಾಳೆ ಕೊಳಗ, ಮೂರು ಸಾವ್ರ. ಗದ್ದೆ ಓಯ್ತು ಅಂತ ನಂಗೆ ಗೊತ್ತಾಗಿದ್ದು ನಿಮ್ಮಪ್ಪ ಒಂದಿನ ಜಗಳದಾಗೆ ಎತ್ತಾಡಿದಾಗ.’

‘ಅವ್ವ, ನೀನ್ ಸುಮ್ಕಿರು’ ಎಂದ ಮೋಹನ್‌ಕುಮಾರ್. ತಂಗಿಯ ಕಡೆ ತಿರುಗಿ ದನಿ ತಗ್ಗಿಸಿದ. ‘ನೋಡು, ಜನದ್ ಮುಂದೆ ಮರ್ವಾದೆ ಕಳೀಬೇಡ. ನೀನು ಡಾಲರ್ ಎಣಿಸೋಳು. ಈ ಎರಡೂವರೆ ಎಕರೇಲಿ ನಿಂಗೇನಾಗ್ಬೇಕು? ನೀರ್ ಬಿಟ್ಟೋನು ನಾನು, ಗೊಬ್ಬರ ಆಕ್ದೋನು ನಾನು. ನಾಳೆ ನಿನ್ನ ಮದ್ವೆ ಆದೋನು ಬಂದು ನನ್ ತ್ವಾಟದಾಗೆ ಗೂಟ ಹೊಡುದ್ರೆ?’

‘ನಂಗೇನಾಗ್ಬೇಕು ಅಂತ ಮೊದ್ಲೇ ಕೇಳಿದ್ರೆ ಏಳ್ತಿದ್ದೆ ಕಣಣ್ಣ. ನೀನು ಕೇಳ್ಲಿಲ್ಲ. ಜಿಪಿಎ ಅಂದೆ.’

‘ಎಲ್ಲಾ ಒಂದೇ ಅಲ್ವಾ.’

‘ಒಂದೇ ಆಗಿದ್ರೆ ಜಿಪಿಎನೇ ಬರುಸ್ತಿದ್ದೆ.’

ತಮ್ಮಯ್ಯ ನಡುವೆ ಬಾಯಿ ಹಾಕಿದ. ಮದುವೆಯ ಸಾಲು ತೆಗೆದರಾಯಿತು, ಐದು ನಿಮಿಷದ ಕೆಲಸ ಎಂದ. ಕವನಾ ಹಾಳೆಗಳನ್ನು ಜೋಡಿಸಿ ಮೇಜಿನ ಮೇಲಿಟ್ಟಳು. ‘ಐದು ನಿಮಿಷದ ಕೆಲ್ಸ ಅದಲ್ಲ ತಮ್ಮಯ್ಯನೋರೆ. ವರ್ಕ್ ಪರ್ಮಿಟ್ ಅರ್ಜೀಲಿ ನಾನು ಅವಿವಾಹಿತೆ ಅಂತ ಬರ್ದಿದ್ದೀನಿ. ನೀವು ನಂಗೆ ಗಂಡ, ಮಕ್ಳು ಎಲ್ರನ್ನೂ ಕೊಟ್ಟು ಸರ್ಕಾರಿ ಪುಸ್ತಕದಾಗೆ ನೋಂದಾಯ್ಸಕ್ಕೆ ಹೊಂಟಿದ್ರಿ. ಓದ್ದೆ ಸಹಿ ಆಕಿದ್ರೆ ನಾನು ಎರಡು ದೇಶಕ್ಕೂ ಸುಳ್ಳುಗಾತಿ ಆಗ್ತಿದ್ದೆ, ತ್ವಾಟವೂ ಓಗಿರೋದು.’

ಒಳಗಿನಿಂದ ಹನ್ನೊಂದನೇ ಟೋಕನ್ ಕೂಗಿದರು.

ಮೋಹನ್‌ಕುಮಾರ್ ಹೆಜ್ಜೆ ಎತ್ತಿದ. ಕವನಾ ಅಲುಗಲಿಲ್ಲ. ಅವನು ಅವ್ವನ ಕಡೆ ನೋಡಿದ. ಕಾಮಾಕ್ಷಮ್ಮನೂ ಕಟ್ಟೆ ಬಿಟ್ಟು ಏಳಲಿಲ್ಲ. ಮತ್ತೊಮ್ಮೆ ಕೂಗಿದರು. ಆಮೇಲೆ ಹನ್ನೆರಡನ್ನು ಕರೆದರು.

‘ಅಂಗಾದ್ರೆ ನನ್ನ ಒಂದು ಲಕ್ಷದ ಅರ್ವತ್ ಸಾವ್ರ ವಾಪಸ್ ಕೊಡು’ ಎಂದ ಮೋಹನ್‌ಕುಮಾರ್. ‘ಇವತ್ತೇ. ಕೊಟ್ಬುಟ್ಟು ಯಾವ್ ದೇಶಕ್ಕಾದ್ರೂ ಓಗು.’

ಆ ಮಾತಿಗೆ ಬಲವಿತ್ತು. ಅರ್ಧಕ್ಕಿಂತ ಹೆಚ್ಚು ಖರ್ಚಾಗಿತ್ತು. ಉಳಿದದ್ದನ್ನು ಕೊಟ್ಟುಬಿಟ್ಟರೆ ಆ ದ್ವೀಪದಲ್ಲಿ ಮೊದಲ ಸಂಬಳದವರೆಗೆ ಅವಳ ಕೈ ಬರಿದು. ಕವನಾ ಹೆಗಲ ಚೀಲವನ್ನು ಹತ್ತಿರಕ್ಕೆ ಎಳೆದುಕೊಂಡದ್ದನ್ನು ಅಣ್ಣ ಕಂಡ. ಗೆದ್ದೆನೆಂದುಕೊಂಡು ಬೈಕಿಗೆ ಒದ್ದು ಹೊರಟುಹೋದ.

ತಾಯಿ ಮಗಳು ಬಸ್ಸಿನಲ್ಲಿ ದುದ್ದಕ್ಕೆ ಬಂದರು. ಅವ್ವ ದಾರಿಯುದ್ದಕ್ಕೂ ಕಿಟಕಿಯಾಚೆ ನೋಡುತ್ತಿದ್ದಳು. ಕವನಾ ಪೆನ್ನು ತೆಗೆದು ಟಿಕೆಟಿನ ಹಿಂದೆ ಏನೋ ಲೆಕ್ಕ ಬರೆಯುತ್ತಿದ್ದಳು.

ಗುರುವಾರ ಬೆಳಿಗ್ಗೆ ಮೋಹನ್‌ಕುಮಾರ್ ಡೈರಿಗೆ ಹಾಲು ಹಾಕಿ ಬಂದು, ಯಾರ ಮುಖವನ್ನೂ ನೋಡದೆ ತಟ್ಟೆಯ ಮುಂದೆ ಕೂತ. ಅವನ ಹೆಂಡತಿ ದೀಪಶ್ರೀ ರಾಗಿ ರೊಟ್ಟಿ ಬಡಿಸಿದಳು. ಗೊರೂರಿನ ಹೆಣ್ಣು. ಮಾತು ಕಡಿಮೆ, ಆಡಿದರೆ ಒಂದೇ ಏಟು. ಹೋದ ವರ್ಷ ಅವಳ ಅಣ್ಣಂದಿರು ಅವಳಿಂದಲೂ ಇಂಥದೇ ಪತ್ರಕ್ಕೆ ಸಹಿ ಹಾಕಿಸಿಕೊಂಡಿದ್ದರು.

‘ಏನಂದ್ಲು ನಿಮ್ ತಂಗಿ?’

‘ಏನಂತಾಳೆ. ಓದ್ಕಂಡವ್ಳಲ್ಲ.’

‘ಓದ್ಕಂಡವ್ಳೆ, ಅದ್ಕೇ ಬಚಾವಾದ್ಲು’ ಎಂದಳು ದೀಪಶ್ರೀ. ‘ನಮ್ಮಣ್ಣದಿರು ನನ್ ಕೈಲಿ ಸಹಿ ಆಕುಸ್ಕಂಡಾಗ ನೀವ್ ಎಂಗೆ ಕುಣುದ್ರಿ, ಗ್ಯಾನ ಅದಾ? ಕಳ್ರು, ತಂಗಿ ಅನ್ನ ಕಿತ್ಕಂಡೋರು ಅಂತ ಬಸ್‌ಸ್ಟ್ಯಾಂಡಲ್ಲಿ ನಿಂತ್ಕಂಡು ಬೋದ್ರಿ. ನಂಗೆ ಬಾಯ್ಪಾಠ ಆಗ್ಬುಟ್ಟದೆ. ಏಳ್ಲಾ?’

ಮೋಹನ್‌ಕುಮಾರ್ ರೊಟ್ಟಿ ಮುರಿದ. ‘ಅದು ಬ್ಯಾರೆ’ ಎಂದ.

‘ಏನ್ ಬ್ಯಾರೆ?’

ಬೇರೆ ಏನೆಂದು ಅವನಿಗೂ ಹೊಳೆಯಲಿಲ್ಲ. ತಾನು ಕಳೆದುಕೊಂಡವನ ಕಡೆ ನಿಂತಾಗ ನ್ಯಾಯ ಅಂಗೈ ಮೇಲಿನ ಗೆರೆಯಷ್ಟು ಸ್ಪಷ್ಟ. ಪಡೆಯುವವನ ಕಡೆ ನಿಂತಾಗ ಅದೇ ನ್ಯಾಯ ‘ಬ್ಯಾರೆ’ ಆಗಿಬಿಡುತ್ತದೆ. ಈ ಒಂದು ಪದದ ಮೇಲೆ ಎಷ್ಟು ಮನೆಗಳ ತೊಲೆ ನಿಂತಿವೆಯೋ.

ಕವನಾ ಒಳಗಿನಿಂದ ಬಂದು ಅಣ್ಣನ ಎದುರು ನೆಲದ ಮೇಲೆ ಕೂತಳು. ಕೈಯಲ್ಲಿ ಎರಡು ಕಾಗದ.

‘ಅಣ್ಣ, ಊಟ ಮಾಡ್ತಾ ಕೇಳು. ಆರು ವರ್ಸದಿಂದ ಚನ್ನರಾಯಪಟ್ಣದ ಸಾಹುಕಾರ್ರಿಗೆ ಕಾಯಿ ಆಕಿದ್ದೀಯ. ಎಷ್ಟು ಬಂತು ಅಂತ ನಾನು ಯಾವತ್ತೂ ಕೇಳ್ಲಿಲ್ಲ. ಆಳು, ಗೊಬ್ಬರ, ಕರೆಂಟು ಕಳಿ. ನಿನ್ನ ದುಡಿಮೇಗೆ ಕೂಲಿ ಅಂತ ಬ್ಯಾರೆ ಕಳಿ. ಆಮೇಲೆ ಉಳ್ದಿದ್ರಲ್ಲಿ ಮೂರ್ನೇ ಒಂದು ಭಾಗ ಎಷ್ಟಾಯ್ತದೆ, ನೀನೇ ಏಳು.’

ಅವನು ರೊಟ್ಟಿಯ ಚೂರನ್ನು ಮತ್ತೆ ಮುರಿದ. ಅಂಕಿ ಅವನಿಗೆ ಗೊತ್ತಿತ್ತು. ಕಳೆದೆರಡು ವರ್ಷ ಕಾಯಿಯ ಬೆಲೆ ಏರಿದ್ದೇ ಏರಿದ್ದು.

‘ಒಂದು ಲಕ್ಷದ ಅರ್ವತ್ತಕ್ಕಿಂತ ಜಾಸ್ತೀನೇ ಆಯ್ತದೆ’ ಎಂದಳು ಕವನಾ. ‘ಜಾಸ್ತಿ ಆಗಿದ್ದು ನಂಗ್ ಬ್ಯಾಡ, ಬಿಟ್ಬುಟ್ಟೆ. ನೀನು ಕೊಟ್ಟಿದ್ದು ಧರ್ಮಕ್ಕಲ್ಲ, ನನ್ನ ಪಾಲು ಮಾರಿದ್ದಕ್ಕೂ ಅಲ್ಲ. ನನ್ನ ಫಸಲಿನ ದುಡ್ಡು ನನ್ಗೆ ಬಂತು. ಇದು ಅದುಕ್ಕೆ ರಸೀದಿ. ನಾನು ಸಹಿ ಆಕಿದ್ದೀನಿ. ಕೊಟ್ಟೋನು ಅಂತ ನೀನೂ ಆಕು.’

‘ಆಕ್ದಿದ್ರೆ?’

‘ಆಕ್ದಿದ್ರೆ ನಿನ್ ಹನಿ ನೀರಾವರಿ ಅರ್ಜಿ ನಾನು ಬರೋತಂಕ ಕಾಯ್ಬೇಕು. ಮೂರು ವರ್ಸ. ದೋಣಿ ಹತ್ತಿ ಮಾಲೆಗೋಗಿ ಮೊಹರು ಒತ್ತುಸೋದು ಕಷ್ಟ ಅಂತ ನೀನೇ ಏಳ್ದೆ. ಆ ಕಷ್ಟ ನಂಗ್ಯಾಕೆ.’

ದೀಪಶ್ರೀ ಒಲೆಯ ಕಡೆ ತಿರುಗಿಕೊಂಡಳು. ನಗುತ್ತಿದ್ದಳೋ ಏನೋ, ಬೆನ್ನಿನಿಂದ ತಿಳಿಯಲಿಲ್ಲ.

ಮೋಹನ್‌ಕುಮಾರ್ ರಸೀದಿಯನ್ನು ಎಡಗೈಯಲ್ಲಿ ಹತ್ತಿರಕ್ಕೆ ಎಳೆದುಕೊಂಡ. ‘ಇನ್ನೊಂದು ಕಾಗ್ದ ಏನು?’

‘ಅಧಿಕಾರ ಪತ್ರ. ನೀನು ಕೇಳಿದ್ದೇ. ಆದ್ರೆ ನಿನ್ನ ಹೆಸ್ರಿಗಲ್ಲ, ಅವ್ವನ್ ಹೆಸ್ರಿಗೆ. ಅರ್ಜಿಗೆ ಸಹಿ ಆಕ್ಬೋದು, ಸಬ್ಸಿಡಿ ತಗೋಬೋದು, ಫಸಲಲ್ಲಿ ನನ್ನ ಪಾಲು ವಸೂಲಿ ಮಾಡ್ಬೋದು. ಮಾರಂಗಿಲ್ಲ, ಅಡ ಇಡಂಗಿಲ್ಲ, ಖುಲಾಸೆ ಬರ್ಕೊಡಂಗಿಲ್ಲ. ಮೂರು ವರ್ಸಕ್ಕೆ ತಾನಾಗೇ ಮುಗೀತದೆ.’

‘ಅವ್ವನ್ ಮೇಲೆ ನಂಬ್ಕೆ, ನನ್ ಮೇಲೆ ಇಲ್ಲ.’

‘ನಿನ್ನೆ ತಂಕ ಇತ್ತು ಕಣಣ್ಣ.’

ಅವನು ತಟ್ಟೆ ಸರಿಸಿ ಎದ್ದ. ಕೈ ತೊಳೆದು ಬಂದು, ತೇವ ಬೆರಳನ್ನು ಲುಂಗಿಗೆ ಒರೆಸಿ, ಪೆನ್ನು ತೆಗೆದುಕೊಂಡ. ಸಹಿ ಹಾಕುವ ಮುಂಚೆ ಒಮ್ಮೆ ತಲೆಯೆತ್ತಿದ. ‘ಓದ್ಲಾ?’ ಎಂದ, ಅರ್ಧ ಕುಹಕದಲ್ಲಿ.

‘ಓದ್ಲೇಬೇಕು. ಗಟ್ಟಿಯಾಗಿ ಓದು, ಅತ್ಗೇನೂ ಕೇಳುಸ್ಕಳ್ಳಿ.’

ಮೋಹನ್‌ಕುಮಾರ್ ತಡವರಿಸುತ್ತ ಓದಿದ. ‘ನನ್ನ ಪಾಲಿನ ಆದಾಯದ ಬಾಬ್ತು’ ಎಂಬಲ್ಲಿ ಸಾಲು ತಪ್ಪಿತು. ಕೆಮ್ಮಿ, ಮತ್ತೆ ಮೊದಲಿಂದ ಓದಿ, ಸಹಿ ಹಾಕಿದ.

ಶುಕ್ರವಾರ ಅದೇ ತಗಡಿನ ನೆರಳಿನಲ್ಲಿ ತಮ್ಮಯ್ಯ ಹೊಸ ಪತ್ರವನ್ನು ಟೈಪು ಮಾಡಿದ. ಅವನ ಲ್ಯಾಪ್‌ಟಾಪಿನಲ್ಲಿ ಮಗಳು ತಾಯಿಗೆ ಅಧಿಕಾರ ಕೊಡುವ ಪತ್ರದ ಮಾದರಿಯೇ ಇರಲಿಲ್ಲ. ಒಂದೊಂದು ಸಾಲನ್ನೂ ಕವನಾ ತನ್ನ ಕೈಬರಹದ ಕರಡು ನೋಡಿ ಹೇಳಿ ಬರೆಸಬೇಕಾಯಿತು. ‘ಮೂವತ್ ವರ್ಸಕ್ಕೆ ಇದೇ ಮೊದ್ಲು ಕಣಮ್ಮ’ ಎಂದು ಗೊಣಗಿದ. ‘ಇದುಕ್ಕೆ ಫೀಸ್ ಎಷ್ಟು ತಗಳಾದೂ ಅಂತ ಗೊತ್ತಿಲ್ಲ.’

‘ಮಾದರಿ ಇಟ್ಕಳಿ. ಇನ್ನೂ ಬತ್ತಾರೆ.’

ಒಳಗೆ ಅಧಿಕಾರಿ ಹೆಣ್ಣುಮಗಳು. ಕಂಪ್ಯೂಟರಿನಿಂದ ಕಣ್ಣೆತ್ತದೆ, ದಿನಕ್ಕೆ ನಲವತ್ತು ಸಲ ಕೇಳುವ ಪ್ರಶ್ನೆಯನ್ನು ಕೇಳಿದರು: ‘ಒಪ್ಪಿ ಬರೆದುಕೊಟ್ಟಿದ್ದೀರಾ?’

‘ಓದಿ, ಒಪ್ಪಿ ಬರ್ದಿದ್ದೀನಿ ಮೇಡಂ’ ಎಂದಳು ಕವನಾ.

ಅಧಿಕಾರಿ ಆಗ ಕಣ್ಣೆತ್ತಿ ಒಮ್ಮೆ ನೋಡಿದರು. ಕ್ಯಾಮೆರಾದ ಮುಂದೆ ಕವನಾ ಕೂತಳು, ಆಮೇಲೆ ಕಾಮಾಕ್ಷಮ್ಮ. ಬೆರಳು ಒತ್ತುವ ಯಂತ್ರದ ಮೇಲೆ ಮುದುಕಿಯ ಹೆಬ್ಬೆಟ್ಟು ಎರಡು ಸಲ ಮೂಡಲಿಲ್ಲ. ಕಳೆ ಕಿತ್ತು, ಹಾಲು ಕರೆದು ಸವೆದ ಬೆರಳು. ಮೂರನೇ ಸಲ ಮೂಡಿತು.

ಸಾಕ್ಷಿಗೆ ಮೋಹನ್‌ಕುಮಾರನೇ ಸಹಿ ಹಾಕಿದ. ಯಾರೂ ಕರೆದಿರಲಿಲ್ಲ. ತಾನೇ ಬಂದು, ಗೇಟಿನ ಹತ್ತಿರ ನಿಂತಿದ್ದು, ‘ಸಾಕ್ಷಿ ಯಾರು’ ಎಂದು ಕೇಳಿದಾಗ ಒಳಗೆ ಬಂದ. ಸಹಿ ಮಾಡಿ, ಹೊರಗೆ ಬಂದು, ಮೂವರಿಗೂ ಕಬ್ಬಿನ ಹಾಲು ಹೇಳಿದ. ದುಡ್ಡು ಯಾರು ಕೊಡಬೇಕೆಂದು ಒಂದು ಗಳಿಗೆ ಯಾರಿಗೂ ತಿಳಿಯಲಿಲ್ಲ.

‘ನಾನ್ ಕೊಡ್ತೀನಿ’ ಎಂದಳು ಕಾಮಾಕ್ಷಮ್ಮ, ಸೆರಗಿನ ಗಂಟು ಬಿಚ್ಚುತ್ತ.

ಮೋಹನ್‌ಕುಮಾರ್ ಲೋಟ ಹಿಡಿದು ಬೇರೆಲ್ಲೋ ನೋಡುತ್ತ ಕೇಳಿದ: ‘ಮೂರ್ ವರ್ಸ ಆದ್ಮೇಲೆ ಬಂದು ಭಾಗ ಕೇಳ್ತೀಯಾ?’

‘ಕೇಳ್ತೀನಿ.’

‘ಕೊಡ್ದಿದ್ರೆ?’

‘ಕೊಡ್ತೀಯ.’

ಅವನು ಲೋಟ ಬರಿದು ಮಾಡಿ ಇಟ್ಟ. ಬೈಕು ಹತ್ತಿದ. ಭಾನುವಾರ ಬೆಂಗಳೂರಿಗೆ ಎಷ್ಟು ಗಂಟೆಗೆ ಹೊರಡಬೇಕೆಂದು ಕೇಳಿದ. ಬೆಳಿಗ್ಗೆ ನಾಲ್ಕಕ್ಕೆ ಎಂದಳು. ಬಾಡಿಗೆ ಕಾರಿಗೆ ತಾನೇ ಹೇಳುತ್ತೇನೆ ಎಂದು ಹೊರಟ.

ದುದ್ದದ ಬಸ್ಸಿನಲ್ಲಿ ಜಾಗ ಸಿಕ್ಕಿತು. ಪತ್ರವಿದ್ದ ಲಕೋಟೆಯನ್ನು ಕಾಮಾಕ್ಷಮ್ಮ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಬಸ್ಸು ಊರು ಬಿಟ್ಟ ಮೇಲೆ ಕೇಳಿದಳು:

‘ಮಗ, ಚನ್ನರಾಯಪಟ್ಣದೋನು ಕಾಯಿಗೆ ಏನ್ ರೇಟು ಕೊಡ್ತಾವ್ನೆ?’

‘ಗೊತ್ತಿಲ್ಲ ಕಣವ್ವ. ಅಣ್ಣನ್ನ ಕೇಳು.’

‘ಅವ್ನುನ್ ಯಾಕೆ ಕೇಳ್ಲಿ’ ಎಂದಳು ಕಾಮಾಕ್ಷಮ್ಮ. ‘ಸಾಹುಕಾರ್ರ ಫೋನ್ ನಂಬರ್ ಆಕ್ಕೊಡು. ನಾಳೆ ನಾನೇ ಕೇಳ್ತೀನಿ.’